ಕಳ್ಳಿಗೂ ಬೇಕು ಬಾಣಂತನ

ಮೊದಲ ಸಲ ಸವಾರೊ ಬೀಜ ಬಿತ್ತಿದಾಗ ನಾನು ಮಾಡಿದ ತಪ್ಪು ಒಂದೇ: ಮರುಭೂಮಿಯ ಗಿಡವಲ್ಲವೇ ಎಂದು ನೀರಿನಲ್ಲಿ ಕೈ ಬಿಗಿ ಹಿಡಿದೆ. ಆರನೇ ದಿನ ಸಾಸಿವೆ ಗಾತ್ರದ ಹಸಿರು ಮಣಿಗಳು ಎದ್ದವು. ತಿಂಗಳು ತುಂಬುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಬರೆಯುವುದು ಸಗುವಾರೊ, ಕರೆಯುವುದು ಸವಾರೊ. ಕೌಬಾಯ್ ಸಿನಿಮಾಗಳಲ್ಲಿ ಕೈ ಎತ್ತಿ ನಿಂತಿರುತ್ತದಲ್ಲ, ಆ ಕಂಬಗಳ್ಳಿ. 40 ಅಡಿ ದಾಟುವ, 150 ವರ್ಷ ಬಾಳುವ ಇದರ ತವರು ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೊಗಳಿಗೆ ಹಬ್ಬಿದ ಸೊನೋರನ್ ಮರುಭೂಮಿ. (ಮುರಿದರೆ ಹಾಲು ಸುರಿಸುವ ನಮ್ಮ ಬೇಲಿಯ ಬೊಂತೆಗಳ್ಳಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ.) ಹಣ್ಣಾಗುವುದು ಜೂನ್ ಹೊತ್ತಿಗೆ, ಬೆನ್ನಿಗೇ ಮಳೆ. ಅದನ್ನು ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓದಮ್ ಜನ ಸತ್ತ ಸವಾರೊದ ಒಳಗಿನ ಗಳುಗಳನ್ನೇ ದೋಟಿ ಮಾಡಿಕೊಂಡು ಹಣ್ಣು ಕೀಳುತ್ತಾರೆ. ಅವರ ಹೊಸ ವರ್ಷ ಶುರುವಾಗುವುದೂ ಆಗಲೇ. ಒಂದು ಹಣ್ಣಿನಲ್ಲಿ ಸುಮಾರು 2,000 ಬೀಜ. ಇರುವೆ, ಹಕ್ಕಿಗಳ ಪಾಲಾಗಿ ಉಳಿದವುಗಳಲ್ಲಿ ಬದುಕುವುದು ಪಾಲೊ ವರ್ದೆಯಂಥ ಮರದ ನೆರಳಿಗೆ ಬಿದ್ದವು ಮಾತ್ರ. ಅಂದರೆ ಈ ಗಿಡ ಹುಟ್ಟುವುದೇ ಮಳೆಯಲ್ಲಿ, ನೆರಳಿನಲ್ಲಿ. ಬಿಸಿಲು, ಬರ ಎಲ್ಲ ಆಮೇಲಿನ ಮಾತು.

ಇದು ತಲೆಗೆ ಹೋದ ಮೇಲೆ ನನ್ನ ಬಿತ್ತನೆ ಬದಲಾಯಿತು. ಸಿಹಿತಿಂಡಿ ಅಂಗಡಿಯ ಪಾರದರ್ಶಕ ಡಬ್ಬಿ, ಮುಕ್ಕಾಲು ಪಾಲು ತೊಳೆದ ದಪ್ಪ ಮರಳು, ಕಾಲು ಪಾಲು ಜರಡಿ ಹಿಡಿದ ಎಲೆಗೊಬ್ಬರ. ಮಿಶ್ರಣವನ್ನು ಹಳೆಯ ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸುತ್ತೇನೆ. ಬೂಷ್ಟಿಗಿಂತ ದೊಡ್ಡ ಶತ್ರು ಇಲ್ಲ. ಕುದಿಸಿ ಆರಿಸಿದ ನೀರು ಚಿಮುಕಿಸಿ, ಬೀಜ ಉದುರಿಸಿ, ಮುಚ್ಚಳ ಹಾಕುವುದು. ಮಣ್ಣು ಮುಚ್ಚಬಾರದು, ಬೆಳಕು ಕಂಡರೇ ಇದು ಮೊಳೆಯುವುದು. ಬೆಂಗಳೂರಿನಲ್ಲಾದರೆ ಶಿವರಾತ್ರಿ ಕಳೆಯಲಿ.

ಎರಡನೇ ವಾರ ಭೂತಗನ್ನಡಿ ಹಿಡಿದು ನೋಡಿ. ಎರಡು ದಪ್ಪನೆಯ ಮೊಟಕು ಎಲೆ, ನಡುವೆ ಹತ್ತಿಯ ಎಳೆಯಂಥ ಬಿಳಿ ಮುಳ್ಳಿನ ಪುಟ್ಟ ಜುಟ್ಟು. ಮುಟ್ಟಿದರೆ ಚುಚ್ಚುವುದೂ ಇಲ್ಲ. ಗಿಡ ಕೆಂಪಡರಿತೋ, ಬಿಸಿಲು ಹೆಚ್ಚಾಯಿತೆಂದು ಅರ್ಥ. ಮೂರು ತಿಂಗಳಾದ ಮೇಲೆ ಮುಚ್ಚಳವನ್ನು ದಿನಕ್ಕಿಷ್ಟಿಷ್ಟೇ ಸರಿಸುತ್ತ ಹೊರಗಿನ ಗಾಳಿ ರೂಢಿ ಮಾಡಿಸಬೇಕು.

ಮುಂದಿನದು ಕಾಯುವಿಕೆ. ಕಾಡಿನ ಸವಾರೊ ಮೊದಲ ಎಂಟು ವರ್ಷಕ್ಕೆ ಒಂದೂವರೆ ಇಂಚು ಮುಟ್ಟಿದರೆ ಹೆಚ್ಚು. ಹೂವಿಗೆ ಸುಮಾರು 35 ವರ್ಷ, ಕೈ ಒಡೆಯಲು 50ಕ್ಕೂ ಮೇಲೆ. ಕುಂಡದಲ್ಲಿ ಕೊಂಚ ಬೇಗ. ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟಿ ಓಡಿಸುವವರಿದ್ದಾರೆ. ನನಗದು ಒಗ್ಗುವುದಿಲ್ಲ. ಗಾಳಿ ಊದಿದ ಬಲೂನಿನಂತೆ ಉಬ್ಬುತ್ತದೆ, ಮೈಕಟ್ಟೇ ಇರುವುದಿಲ್ಲ. ಅವಸರದವರಿಗೆ ಸೀರಿಯಸ್ ಎಂಬ ಇನ್ನೊಂದು ಕಂಬಗಳ್ಳಿ ಇದೆ; ಕೆಲವೇ ವರ್ಷದಲ್ಲಿ ಮೊಣಕಾಲು ದಾಟುತ್ತದೆ.

ಸವಾರೊ ಬೀಜ ತರಿಸುವ ಮುನ್ನ ಮಾರುಕಟ್ಟೆಯಿಂದ ಒಂದು ಡ್ರ್ಯಾಗನ್ ಫ್ರೂಟ್ ತನ್ನಿ. ಅದೂ ಕಳ್ಳಿಯೇ. ತಿರುಳು ತಿಂದು, ಒಂದು ಚಮಚದಷ್ಟು ಬೀಜವನ್ನು ಚಹಾ ಸೋಸುವ ಜಾಲರಿಯಲ್ಲಿ ಲೋಳೆ ಹೋಗುವಂತೆ ತೊಳೆದು ಬಿತ್ತಿ. ಆ ಸಸಿಗಳು ನಿಮ್ಮ ಕೈಯಲ್ಲಿ ಮೂರು ತಿಂಗಳು ಉಳಿದರೆ ಸವಾರೊಗೆ ದುಡ್ಡು ಹಾಕಿ.