ಗುಡ್ಡದ ಹೊಟ್ಟೆಯ ನೀರು

ಬಾವಿ ಕೆಳಕ್ಕೆ ಇಳಿಯುತ್ತದೆ, ಸುರಂಗ ಅಡ್ಡಕ್ಕೆ ನುಗ್ಗುತ್ತದೆ. ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಒಬ್ಬಾಳು ನುಸುಳುವಷ್ಟೇ ಅಗಲದ ಈ ಬಿಲಗಳು ಕಾಣಸಿಗುತ್ತವೆ. ಒಳಗೆ ಕುಳಿತು ಪಿಕಾಸಿಯಲ್ಲಿ ಕೊರೆಯಬೇಕು. ದೀಪ ಮಂಕಾದರೆ ಗಾಳಿ ಸಾಲುತ್ತಿಲ್ಲವೆಂದು ಅರ್ಥ, ಹೊರಗೆ ಬರಬೇಕು. ಎಷ್ಟು ಕೋಲು ಹೋದರೆ ಒರತೆ ಸಿಕ್ಕೀತೆಂಬ ಖಾತ್ರಿಯಿಲ್ಲ. ಸಿಕ್ಕರೆ ಮಾತ್ರ ಬೇರೆಯೇ ಕಥೆ: ನೆಲ ತುಸು ಇಳಿಜಾರಾಗಿರುವುದರಿಂದ ನೀರು ತಾನಾಗಿ ಹರಿದು ಬಾಯಿಯ ಬಳಿಯ ತೊಟ್ಟಿ ತುಂಬುತ್ತದೆ. ಪಂಪಿಲ್ಲ, ಕರೆಂಟಿನ ಬಿಲ್ಲೂ ಇಲ್ಲ!

ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮುಗಿಸಿ ಬಂದು ಒಬ್ಬರೇ ಕೊರೆದರು. ಮೊದಲ ಹಲವು ಸುರಂಗಗಳಲ್ಲಿ ನೀರಿರಲಿಲ್ಲ. ಬೋಳು ಗುಡ್ಡವಾಗಿದ್ದ ಆ ಜಾಗದಲ್ಲಿ ಕೊನೆಗೆ ನೀರು ಸಿಕ್ಕ ಮೇಲೆ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಬಂದವು. 2022ರಲ್ಲಿ ಪದ್ಮಶ್ರೀಯೂ ಬಂತು.

ಅಡಿಕೆಯವರಿಗೆ ಮಳೆಗಾಲ ಚಿಂತೆಯಲ್ಲ (ಕೊಳೆರೋಗ ಬಿಟ್ಟರೆ). ಗಂಟಲು ಒಣಗುವುದು ಮಾರ್ಚ್‌ನಿಂದ ಮೇವರೆಗೆ. ಆಗ ಸುರಂಗದ ಬೆರಳು ಗಾತ್ರದ ಧಾರೆಯೂ ರಾತ್ರಿಯೆಲ್ಲ ಶೇಖರವಾಗಿ, ಬೆಳಿಗ್ಗೆ ಗಿಡಗಳ ಬುಡ ತಣಿಸುತ್ತದೆ. ಬೋರ್‌ವೆಲ್ಲಿನ ಅಬ್ಬರ ಇದಕ್ಕಿಲ್ಲ; ಕೊಟ್ಟಷ್ಟರಲ್ಲೇ ತೋಟ ಮಾಡಿಕೋ ಎನ್ನುವ ನೀರು ಇದು.