ನೆಟ್ಟಗೆ ಕೂತು ಸೈಕಲ್ ಹೊಡೆಯುವ ಸುಖ

ಕರಿ ಸೈಕಲ್ಲಿನ ಹ್ಯಾಂಡಲ್ಲನ್ನು ಒಮ್ಮೆ ಅಂಗೈಯಿಂದ ಸವರಿ ನೋಡಬೇಕು. ನಡುವಿನಿಂದ ಹೊರಟು ಎರಡೂ ಬದಿಗೆ ಅಗಲವಾಗಿ, ಆಮೇಲೆ ಹಿಂದಕ್ಕೆ ತಿರುಗಿ, ಸವಾರನ ಹತ್ತಿರಕ್ಕೇ ಬರುತ್ತದೆ. ಅದನ್ನು ಹಿಡಿಯಲು ಕೈ ಚಾಚಬೇಕಿಲ್ಲ, ಬೆನ್ನು ಬಾಗಿಸಬೇಕಿಲ್ಲ. ಮೊಣಕೈ ಸಡಿಲವಾಗಿರುತ್ತದೆ, ಭುಜ ತಾನಾಗಿ ಇಳಿಯುತ್ತದೆ, ತಲೆ ಬೆನ್ನುಮೂಳೆಯ ಮೇಲೆ ನೇರವಾಗಿ ಕೂರುತ್ತದೆ. ಮನುಷ್ಯನ ತಲೆ ಸುಮಾರು 5 ಕೆ.ಜಿ. ತೂಗುತ್ತದೆ. ರೇಸ್ ಸೈಕಲ್ ಮೇಲೆ ಮುಂದಕ್ಕೆ ಬಗ್ಗಿ, ದಾರಿ ನೋಡಲು ಗದ್ದ ಎತ್ತಿದರೆ, ಆ ತೂಕವನ್ನು ಕುತ್ತಿಗೆಯ ಹಿಂಬದಿಯ ಸ್ನಾಯುಗಳೇ ಹೊತ್ತುಕೊಳ್ಳಬೇಕು. ಕುತ್ತಿಗೆಯೂ ಬಲಭುಜವೂ ಒಟ್ಟಿಗೇ ಹಿಡಿದುಕೊಂಡಾಗ ನನಗೆ ಈ ಲೆಕ್ಕ ಮೈಯಿಂದಲೇ ತಿಳಿಯಿತು. ಸೈಕಲ್ ಬಿಡುವ ಮನಸ್ಸಂತೂ ಇರಲಿಲ್ಲ. ಹಿತ್ತಲ ಶೆಡ್ಡಿನಲ್ಲಿದ್ದ ಅಪ್ಪನ ಅಟ್ಲಾಸ್ ಹೊರಗೆ ಬಂತು.

ಗೋಕಾಕದ ಸೈಕಲ್ ಅಂಗಡಿಯ ಹುಡುಗ ಪಾನಾ ಹಿಡಿದು, ಹ್ಯಾಂಡಲ್ಲಿನ ಬೋಲ್ಟ್ ಸಡಿಲಿಸಿ, "ಕಾಕಾ, ಎಷ್ಟ ಮ್ಯಾಲ ಮಾಡ್ಲಿ?" ಎಂದ.

"ಇನ್ನೂ ಎರಡ ಬೆರಳ ಎತ್ತಪಾ."

ಆ ಎರಡು ಬೆರಳಿನ ಎತ್ತರ ನನ್ನ ಪಾಲಿಗೆ ಔಷಧದಷ್ಟೇ ಆಯಿತು. ಸೀಟಿನ ಕೆಳಗಿನ ದಪ್ಪ ಸ್ಪ್ರಿಂಗುಗಳು, 28 ಇಂಚಿನ ದೊಡ್ಡ ಗಾಲಿ, ಮುಂದಕ್ಕೆ ಉದ್ದವಾಗಿ ಬಾಗಿದ ಫೋರ್ಕು, ಎಲ್ಲವೂ ಸೇರಿ ರಸ್ತೆಯ ಪೆಟ್ಟು ಹೆಗಲಿಗೆ ಮುಟ್ಟುವ ಮೊದಲೇ ಅರ್ಧ ನುಂಗಿಬಿಡುತ್ತವೆ. ಕೆಟ್ಟ ರಸ್ತೆಗೂ, ಹಾಲಿನ ಕ್ಯಾನಿಗೂ, ಮೇವಿನ ಹೊರೆಗೂ ಒಗ್ಗುವಂತೆ ಮಾಡಿದ ಈ ಗಾಡಿಯಲ್ಲಿ ದುಡಿಯುವ ಮೈಯ ಬಗ್ಗೆ ಇರುವ ಕಾಳಜಿಯನ್ನು ನಾವು ಕಡೆಗಣಿಸಿದ್ದೇವೆ ಎಂದೇ ನನ್ನ ಅನಿಸಿಕೆ. ಸೋನಿಪತ್‌ನಲ್ಲಿ 1951ರಲ್ಲಿ ಶುರುವಾದ ಅಟ್ಲಾಸ್‌ನ ಕೊನೆಯ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಆ ಸುದ್ದಿ ಓದಿದಾಗ ಆದ ಸಂಕಟ ಈ ಸೀಟಿನ ಮೇಲೆ ಕೂತಾಗ ಈಗಲೂ ನೆನಪಾಗುತ್ತದೆ.

ಬಲಗಡೆಗೆ ಒಂದು ದುಂಡು ಕನ್ನಡಿ ಹಾಕಿಸಿದೆ. ಕತ್ತು ಹೊರಳದವನಿಗೆ ಅದು ಮೂರನೆಯ ಕಣ್ಣು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಬರುವುದು ಕನ್ನಡಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ, ಅದರ ಹಾಡಿನ ಅಬ್ಬರವೇ ಅಷ್ಟು. ಕೆಳಗಿಳಿದು ನಿಂತು ದಾರಿ ಬಿಡುತ್ತೇನೆ. ಒಣಗಿದ ಗರಿಗಳು ಡಾಂಬರಿನ ಮೇಲೆ ಉದುರುತ್ತ ಹೋಗುತ್ತವೆ. ಆ ಹೊತ್ತಿನಲ್ಲಿ ಗದ್ದವನ್ನು ಮೆಲ್ಲಗೆ ಹಿಂದಕ್ಕೆಳೆದು ಬಿಡುವುದು, ಬೆನ್ನಿನ ಎರಡೂ ರೆಕ್ಕೆಮೂಳೆಗಳನ್ನು ಹತ್ತಿರ ತರುವುದು, ಫಿಸಿಯೊಥೆರಪಿಯವರು ಕಲಿಸಿದ ಇಷ್ಟನ್ನು ರಸ್ತೆಯ ಬದಿಯಲ್ಲೇ ಮಾಡಿ ಮುಗಿಸುತ್ತೇನೆ. ಬೆರಳಲ್ಲಿ ಜೋಮು ಬಂದರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತು, ಅದರಲ್ಲಿ ಚೌಕಾಶಿ ಇಲ್ಲ.

ಹಿಡಿದುಕೊಂಡ ಕುತ್ತಿಗೆಗೆ ಎಲ್ಲಕ್ಕಿಂತ ಹಿತವಾದ ದಾರಿ ಕಾಲುವೆಯ ದಂಡೆ. ಧೂಪದಾಳದ ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ಮೂಡಲಗಿ ಸೀಮೆಯ ಹೊಲಗಳಿಗೆ ನೀರು ಕೊಡುತ್ತದೆ. ನೀರು ತಾನೇ ಹರಿಯಬೇಕಾದ್ದರಿಂದ ಕಾಲುವೆ ನೆಲದ ಏರನ್ನು ಬಳಸಿಕೊಂಡೇ ಹೋಗುತ್ತದೆ, ಇಳಿಜಾರು ಕಣ್ಣಿಗೆ ಕಾಣದಷ್ಟು ಸಣ್ಣದು. ದಂಡೆಯ ದಾರಿಗೂ ಅದೇ ಗುಣ. ಪೆಡಲ್ ಮೇಲೆ ಎದ್ದು ನಿಂತು ತುಳಿಯುವ, ಹ್ಯಾಂಡಲ್ ಜಗ್ಗುವ ಪ್ರಸಂಗವೇ ಬರುವುದಿಲ್ಲ. ಒಂದು ಮಗ್ಗುಲಿಗೆ ನೀರು, ಇನ್ನೊಂದಕ್ಕೆ ಕಬ್ಬು, ನಡುನಡುವೆ ಗೋವಿನಜೋಳ, ಗಾಣದ ಮನೆಯಿಂದ ಬೆಲ್ಲ ಕಾಯಿಸುವ ವಾಸನೆ. ಆ ವಾಸನೆ ಬೈಕಿನವನಿಗೆ ಹಾಗೇ ಹಾದುಹೋಗುತ್ತದೆ. ಸೈಕಲ್ಲಿನವನಿಗೆ ಅದು ತೆಳ್ಳಗೆ ಶುರುವಾಗಿ, ಗಟ್ಟಿಯಾಗಿ, ಮತ್ತೆ ತೆಳ್ಳಗಾಗುವವರೆಗೂ ಪೂರ್ತಿ ಸಿಗುತ್ತದೆ.

ಧೂಪದಾಳದ ಹಿನ್ನೀರು ಪಕ್ಷಿಧಾಮ. ಅಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬೂದು ಬಕವನ್ನು ನೋಡುತ್ತ ಎಷ್ಟೋ ಹೊತ್ತು ನಿಲ್ಲುತ್ತೇನೆ. ನಮ್ಮ ಕುತ್ತಿಗೆಯಲ್ಲಿ ಏಳು ಮೂಳೆ, ಜಿರಾಫೆಗೂ ಏಳೇ. ಬಕಕ್ಕೆ ಅದರ ಎರಡರಷ್ಟಕ್ಕಿಂತ ಹೆಚ್ಚು. ಆ ಕತ್ತು ಮಡಚಿಕೊಂಡು ಭುಜದೊಳಗೆ ಅಡಗುತ್ತದೆ, ಸುಮ್ಮನೆ ಕಾಯುತ್ತದೆ, ಮರುಕ್ಷಣ ನೀರಿಗೆ ಚಿಮ್ಮಿ ಮೀನಿನೊಂದಿಗೆ ಮೇಲೆ ಬರುತ್ತದೆ. ಕುತ್ತಿಗೆ ನೋಯದಿದ್ದ ಕಾಲದಲ್ಲೂ ಈ ಹಕ್ಕಿ ಇಲ್ಲೇ ಇತ್ತು. ಅದರ ಕತ್ತಿನ ಸೊಗಸು ಕಣ್ಣಿಗೆ ಬಿದ್ದದ್ದು ಈಗ.

ಯಾವುದನ್ನು ಎಲ್ಲಿ ನಿಂತು ನೋಡಬೇಕೆಂಬುದನ್ನೂ ಈಗ ಕುತ್ತಿಗೆಯೇ ಹೇಳುತ್ತದೆ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡುವವರೇ ಹೆಚ್ಚು. ನನಗೆ ಅದು ಆಗದು. ದೂರದಿಂದ, ಕಣ್ಣಿನ ಮಟ್ಟಕ್ಕೆ ಸರಿಯಾಗಿ ನೋಡಿದಾಗಲೇ ಕುದುರೆ ಲಾಳದ ಆಕಾರದ ಆ ಬಂಡೆಯ ಅಂಚು ಇಡಿಯಾಗಿ ಕಾಣುತ್ತದೆ. ಮಳೆಗಾಲದ ಕೆಂಪು ನೀರು, ತೂಗುಸೇತುವೆ, 1887ರಲ್ಲೇ ಈ ನೀರಿನ ಬಲವನ್ನು ದುಡಿಸಿಕೊಂಡ ಗಿರಣಿ, ಎಲ್ಲ ಒಂದೇ ನೋಟದಲ್ಲಿ. ಹುಕ್ಕೇರಿಯಲ್ಲೂ ಹಾಗೇ. ಆದಿಲ್‌ಶಾಹಿ ಕಾಲದ ಗುಂಬಜ್‌ಗಳ ಬುಡದಲ್ಲಿ ನಿಂತರೆ ಕತ್ತೆತ್ತಬೇಕು. ಹಿಂದಕ್ಕೆ ಸರಿದರೆ ಗೋಡೆಗೂ ಗುಮ್ಮಟಕ್ಕೂ ಇರುವ ಅಳತೆಯ ಹೊಂದಿಕೆ ತಾನಾಗಿ ತೆರೆದುಕೊಳ್ಳುತ್ತದೆ. ಹುಕ್ಕೇರಿ ಕಡೆಯ ರಸ್ತೆಗಳು ಏರಿಳಿತದವು. ಏರು ಬಂದರೆ ಇಳಿದು ತಳ್ಳಿಕೊಂಡು ನಡೆಯುತ್ತೇನೆ. ಕ್ಯಾರಿಯರಿನ ಚೀಲದಲ್ಲಿ ಗೋಕಾಕದ ಕರದಂಟು ಇರುತ್ತದೆ. ಅಂಟು, ಕೊಬ್ಬರಿ, ಬೆಲ್ಲ ಕೂಡಿದ ಆ ತುಂಡನ್ನು ಅವಸರದಲ್ಲಿ ಅಗಿಯಲಾಗದು, ಏರು ಮುಗಿಯುವ ತನಕ ಬಾಯಲ್ಲಿ ಉಳಿಯುತ್ತದೆ.

ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದರೆ, ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವಾಲಯ ಮೇಲೆ ಕಾಣಿಸುತ್ತದೆ. ಈ ಸಲ ಅಲ್ಲಿಗೆ ಅಟ್ಲಾಸ್ ಮೇಲೆಯೇ ಹೋಗುವ ಆಸೆ. ನಡುವೆ ಎರಡು ಕಡೆ ನಿಂತು ವಿಶ್ರಮಿಸಿದರೆ ಅಡ್ಡಿಯಿಲ್ಲ ಎಂದು ಡಾಕ್ಟರು ಒಪ್ಪಿದ್ದಾರೆ. ಮನೆಯವಳು ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತೇನೆ ಎಂದಿದ್ದಾಳೆ.