ಇಂಗ್ಲಿಷ್ ಸ್ವರಗಳ ಲೇಖನದಲ್ಲಿ ದೀರ್ಘಚಿಹ್ನೆ

ಡೇನಿಯಲ್ ಜೋನ್ಸರ ಇಂಗ್ಲಿಷ್ ಉಚ್ಚಾರಣಕೋಶವು 1917ರಲ್ಲಿ ಮೊದಲು ಪ್ರಕಟವಾಯಿತು. ದಕ್ಷಿಣ ಇಂಗ್ಲೆಂಡಿನ ಸುಶಿಕ್ಷಿತರ ಉಚ್ಚಾರಣೆಯನ್ನು ಕಲಿಯಬಯಸುವ ಪರದೇಶೀಯರಿಗೆ ಅದರಿಂದಾದ ಉಪಕಾರ ದೊಡ್ಡದು. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ನಾವಿಲ್ಲಿ ಪರಿಶೀಲಿಸಬೇಕೆಂದಿರುವುದು ಅದರ ಸ್ವರಸಂಕೇತಗಳಲ್ಲಿ ಒಂದಂಶವನ್ನು ಮಾತ್ರ. ಚೂರು ಎಂಬರ್ಥದ ‘ಬಿಟ್’, ಹೊಡೆ ಎಂಬರ್ಥದ ‘ಬೀಟ್’, ಈ ಎರಡರ ಸ್ವರಗಳಿಗೂ ಜೋನ್ಸರು ಒಂದೇ ಅಕ್ಷರವನ್ನು ಬಳಸಿ, ಎರಡನೆಯದಕ್ಕೆ ದೀರ್ಘಸೂಚಕವಾಗಿ ಎರಡು ಚುಕ್ಕೆಗಳನ್ನು ಸೇರಿಸಿದರು. ‘ಫುಲ್’, ‘ಫೂಲ್’ ಮುಂತಾದ ಜೋಡಿಗಳಿಗೂ ಇದೇ ಕ್ರಮ.

ಈ ಸಂಕೇತದಲ್ಲಿ ಲಾಘವವಿದೆ. ಕಾಲಭೇದದೊಡನೆ ನಾಲಗೆಯ ಸ್ಥಾನವೂ ಬೇರೆಯಾಗುತ್ತದೆಂಬುದನ್ನು ಜೋನ್ಸರು ಅರಿಯದವರಲ್ಲ. ತಮ್ಮ ಧ್ವನಿಶಾಸ್ತ್ರಗ್ರಂಥದಲ್ಲಿ ಅದನ್ನು ವಿವರಿಸಿಯೂ ಇದ್ದಾರೆ. ‘ಬೀಟ್’ನಲ್ಲಿ ನಾಲಗೆಯ ಮುಂಭಾಗವು ಅಂಗುಳಿನ ಸಮೀಪಕ್ಕೆ ಏರುತ್ತದೆ, ‘ಬಿಟ್’ನಲ್ಲಿ ಕೆಳಗಿಳಿದು ತುಸು ಹಿಂದಕ್ಕೆ ಸರಿಯುತ್ತದೆ, ಬಿಗುವೂ ಕಡಮೆ. ಆದರೆ ಕೋಶವನ್ನು ತೆರೆಯುವವರೆಲ್ಲರೂ ಗ್ರಂಥವನ್ನು ಓದಿರುತ್ತಾರೆನ್ನುವಂತಿಲ್ಲ. ಅವರ ಕಣ್ಣಿಗೆ ಬೀಳುವುದು ಎರಡು ಚುಕ್ಕೆಗಳು.

ಕನ್ನಡಿಗರಿಗೆ ಇದರಿಂದಾಗುವ ತೊಡಕು ವಿಶೇಷವಾದುದು. ‘ಬಿಡು’, ‘ಬೀಡು’ಗಳನ್ನು ಮಾತ್ರೆಯ ಮೇಲೆ ಬೇರ್ಪಡಿಸಲು ಬಾಲ್ಯದಿಂದ ಕಲಿತ ನಮ್ಮ ವಿದ್ಯಾರ್ಥಿಗೆ ಆ ಚುಕ್ಕೆಗಳು ತನಗೆ ಪರಿಚಿತವಾದ ದೀರ್ಘವೇ ಆಗಿ ತೋರುತ್ತವೆ. ತನ್ನ ಇಕಾರವನ್ನೇ ಎರಡು ಮಾತ್ರೆಗೆ ಎಳೆದು ಅವನು ಕೃತಾರ್ಥನಾಗುತ್ತಾನೆ. (ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದ ನಾವೂ ಇಲ್ಲಿ ಅದೇ ದೋಷಕ್ಕೆ ಪಕ್ಕಾಗಿರುವುದನ್ನು ವಾಚಕರು ಗಮನಿಸಿರಬಹುದು.)

ಇಂಗ್ಲಿಷಿನಲ್ಲಿಯಾದರೋ ಈ ಮಾತ್ರಾಗಣನೆ ಸ್ಥಿರವಲ್ಲ. ಮಣಿ ಎಂಬರ್ಥದ ‘ಬೀಡ್’ನಲ್ಲಿ ಸ್ವರವು ನಿಜವಾಗಿಯೂ ದೀರ್ಘ. ‘ಬೀಟ್’ನಲ್ಲಿ ಅಘೋಷವ್ಯಂಜನವು ಪರವಾಗುವುದರಿಂದ ಅದೇ ಸ್ವರವು ಸುಮಾರು ಅರ್ಧಕ್ಕಿಳಿದು, ಹರಾಜಿನಲ್ಲಿ ಕೂಗು ಎಂಬರ್ಥದ ‘ಬಿಡ್’ನ ಹ್ರಸ್ವದ ಅಳತೆಗೇ ಬಂದು ನಿಲ್ಲುತ್ತದೆ. ಹಾಗಿದ್ದೂ ಇಂಗ್ಲಿಷರ ಕಿವಿ ಈ ಎರಡು ಸ್ವರಗಳನ್ನು ಬೆರಸುವುದಿಲ್ಲ. ಅವರು ಹಿಡಿದಿರುವುದು ಸ್ವರದ ಗುಣವನ್ನು, ಪ್ರಮಾಣವನ್ನಲ್ಲ.

ಗಿಮ್ಸನ್ನರು 1962ರ ತಮ್ಮ ಗ್ರಂಥದಲ್ಲಿ ಈ ಸ್ವರಗಳಿಗೆ ಬೇರೆ ಬೇರೆ ಅಕ್ಷರಗಳನ್ನು ಕೊಟ್ಟು ಚುಕ್ಕೆಗಳನ್ನೂ ಉಳಿಸಿಕೊಂಡರು. ಜೋನ್ಸರ ಕೋಶಕ್ಕೆ ಆ ತಿದ್ದುಪಾಟು ಬಂದುದು 1977ರ ಹದಿನಾಲ್ಕನೆಯ ಆವೃತ್ತಿಯಲ್ಲಿ, ಜೋನ್ಸರು ಕಾಲವಾದ ಹತ್ತು ವರ್ಷಗಳ ಮೇಲೆ. ಒಂದೇ ಭೇದಕ್ಕೆ ಎರಡು ಗುರುತು ದುಂದುಗಾರಿಕೆಯೆಂದು ಆಕ್ಷೇಪಿಸುವವರಿದ್ದಾರೆ. ಕಲಿಯುವವನ ದೃಷ್ಟಿಯಿಂದ ಈ ದುಂದು ನಮಗೆ ಸಮ್ಮತ. ಆದರೆ ಕೋಶ ಬದಲಾದರೂ ನಮ್ಮ ಪಾಠಕ್ರಮ ಬದಲಾಗಿಲ್ಲ. ತರಗತಿಯಲ್ಲಿ ಇಂದಿಗೂ ‘ಬಿಟ್’, ‘ಬೀಟ್’ಗಳನ್ನೇ ಜೊತೆಯಾಗಿ ಹೇಳಿಸುತ್ತೇವೆ. ಮೊದಲು ಕೇಳಿಸಬೇಕಾದುದು ‘ಬಿಡ್’, ‘ಬೀಟ್’ಗಳ ಜೋಡಿ; ಅಲ್ಲಿ ಕಾಲವು ಸಮನಾಗಿರುವುದರಿಂದ ಗುಣವನ್ನಲ್ಲದೆ ಬೇರೇನನ್ನೂ ಕಿವಿ ಆಶ್ರಯಿಸಲಾರದು.